ಮಟ್ಟು ಯಾರದು?

ಕಳೆದ ವರ್ಷದ ಕಾಲೇಜು ದಿನಾಚರಣೆಯಲ್ಲಿ ನಮ್ಮ ವಿದ್ಯಾರ್ಥಿನಿಲಯದ ಮಿತ್ರನೊಬ್ಬನು ಗಿಟಾರ್ ನುಡಿಸಿದನು. ಹಾಡಿಲ್ಲ, ಮಾತಿಲ್ಲ, ಬರಿಯ ತಂತಿಯ ನಾದ. ಮೂರು ನಿಮಿಷಗಳಲ್ಲಿ ಮುಗಿಯಿತು. ಚಪ್ಪಾಳೆ ಬಂದಿತು. ಅದರ ಹಿಂದೆಯೇ, "ಇನ್ನೊಬ್ಬರ ಮಟ್ಟು ನುಡಿಸಿದರೆ ಇವನದೇನು ಹೆಚ್ಚುಗಾರಿಕೆ? ಬರಿಯ ನಕಲು" ಎಂಬ ಮಾತೂ ಬಂದಿತು. ಆಡಿದವರು ತಿಳಿದವರೇ, ಹೆಸರು ಬೇಡ. ಮರುದಿನ ನನ್ನ ಮಿತ್ರನು ಗಿಟಾರನ್ನು ಮಂಚದ ಕೆಳಕ್ಕೆ ತಳ್ಳಿಬಿಟ್ಟನು.

ಅವನು ನುಡಿಸಿದ್ದು ‘ಅಪಾಚಿ’ ಎಂಬ ರಾಕ್ ಅಂಡ್ ರೋಲ್ ವಾದ್ಯಕೃತಿಯನ್ನು. ಆ ಮಾತಿಗೆ ತಕ್ಕ ಉತ್ತರ ಕೊಡಬೇಕೆಂಬ ಹಟದಿಂದ ನಾನು ಅದರ ಚರಿತ್ರೆಯನ್ನು ಓದಲು ಕುಳಿತೆನು. ಉತ್ತರವೇನೋ ಸಿಕ್ಕಿತು. ಆದರೆ ನಾನು ಬಯಸಿದ್ದಷ್ಟು ಸರಳವಾಗಿರಲಿಲ್ಲ.

ಈ ಮಟ್ಟನ್ನು ಕಟ್ಟಿದವನು ಜೆರಿ ಲಾರ್ಡನ್ ಎಂಬ ಲಂಡನ್ನಿನ ಗೀತಕಾರ. 1954ರಲ್ಲಿ ತೆರೆಗೆ ಬಂದ ‘ಅಪಾಚಿ’ ಎಂಬ ಹಾಲಿವುಡ್ ಚಿತ್ರ ಅವನಿಗೆ ಪ್ರೇರಣೆ. ಅಪಾಚಿಗಳೆಂದರೆ ಅಮೆರಿಕದ ಮೂಲನಿವಾಸಿಗಳಲ್ಲಿ ಒಂದು ಜನಾಂಗ. ಚಿತ್ರದಲ್ಲಿ ಆ ಜನಾಂಗದ ವೀರನಾಗಿ ಅಭಿನಯಿಸಿದವನು ಬರ್ಟ್ ಲ್ಯಾಂಕಾಸ್ಟರ್ ಎಂಬ ಬಿಳಿಯ ನಟ. ಅದನ್ನು ಕಂಡು ಮಟ್ಟು ಹೊಸೆದವನು ಇಂಗ್ಲಿಷಿನವನು. ಅಪಾಚಿ ಜನರ ಸ್ವಂತ ಸಂಗೀತಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ‘ಮೂಲ’, ‘ನಕಲು’ ಎಂದು ಗೆರೆ ಎಳೆಯುವವರು ಇಲ್ಲಿಂದಲೇ ಎಳೆಯಬೇಕಾಗುತ್ತದೆ!

ಇದನ್ನು ಮೊದಲು ಧ್ವನಿಮುದ್ರಣ ಮಾಡಿದವನು ಬರ್ಟ್ ವೀಡನ್. ಅವನೇನು ಸಾಮಾನ್ಯನಲ್ಲ. 1957ರಲ್ಲಿ ಅವನು ಬರೆದ ‘ಪ್ಲೇ ಇನ್ ಎ ಡೇ’ ಎಂಬ ಪುಸ್ತಕವನ್ನು ಮುಂದಿಟ್ಟುಕೊಂಡು ಬ್ರಿಟನ್ನಿನ ಒಂದು ತಲೆಮಾರಿನ ಹುಡುಗರು ಗಿಟಾರ್ ಕಲಿತರು. ಆದರೂ ಅವನು ನುಡಿಸಿದ ರೀತಿ ಲಾರ್ಡನ್ನನಿಗೆ ಒಪ್ಪಿಗೆಯಾಗಲಿಲ್ಲ. ಆ ಮುದ್ರಿಕೆ ಹೊರಬರದೆ ಕಾದು ಕುಳಿತಿತು. ಅಷ್ಟರಲ್ಲಿ, 1960ರಲ್ಲಿ, ಲಾರ್ಡನ್ನನು ‘ದಿ ಷಾಡೋಸ್’ ಎಂಬ ವಾದ್ಯವೃಂದದ ಜೊತೆ ಸಂಗೀತ ಪ್ರವಾಸದಲ್ಲಿದ್ದಾಗ, ಯುಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯದ ಮೇಲೆ ಇದನ್ನು ಅವರಿಗೆ ನುಡಿಸಿ ತೋರಿಸಿದನು. ಅವರು ಹಿಡಿದುಕೊಂಡರು. ಅದೇ ಜೂನ್ ತಿಂಗಳಿನಲ್ಲಿ ಲಂಡನ್ನಿನ ಇ.ಎಂ.ಐ. ಸ್ಟುಡಿಯೋದಲ್ಲಿ ಮುದ್ರಣವಾಯಿತು.

ಆ ಮುದ್ರಿಕೆಯಲ್ಲಿ ಏನಿತ್ತು? ಸ್ವರಗಳು ಲಾರ್ಡನ್ನನವೇ. ಆದರೆ ಹ್ಯಾಂಕ್ ಮಾರ್ವಿನ್ನನ ಕೈಯಲ್ಲಿದ್ದುದು ಅಮೆರಿಕದಿಂದ ತರಿಸಿದ ಕೆಂಪು ಫೆಂಡರ್ ಗಿಟಾರ್. ಅದಕ್ಕೆ ಒಂದು ಲೋಹದ ಹಿಡಿ ಉಂಟು. ಅದನ್ನು ಒತ್ತಿದರೆ ತಂತಿಗಳ ಬಿಗಿ ಸಡಿಲಿ ಸ್ವರ ಜಾರುತ್ತದೆ, ನಡುಗುತ್ತದೆ. ಜೊತೆಗೆ ಇಟಲಿಯಲ್ಲಿ ತಯಾರಾದ ಪ್ರತಿಧ್ವನಿಯ ಪೆಟ್ಟಿಗೆಯೊಂದು. ನುಡಿಸಿದ ಸ್ವರವನ್ನು ಹಿಡಿದಿಟ್ಟುಕೊಂಡು ಕ್ಷಣದ ತರುವಾಯ ಅದನ್ನೇ ಮತ್ತೆ ಮತ್ತೆ ಹೊರಗೆ ಬಿಡುವಂಥದು. ಈ ಎರಡರಿಂದಾಗಿ ಒಂದೊಂದು ಸ್ವರವೂ ವಿಶಾಲವಾದ ಬಯಲಿನಲ್ಲಿ ನಿಂತು ಕೂಗಿದಂತೆ ಕೇಳಿಸುತ್ತದೆ. ಬ್ರೂಸ್ ವೆಲ್ಚ್‌ನ ಗಿಟಾರ್, ಜೆಟ್ ಹ್ಯಾರಿಸ್‌ನ ಬೇಸ್ ಗಿಟಾರ್, ಟೋನಿ ಮೀಹನ್ನನ ಡ್ರಮ್ಮುಗಳು ಅದಕ್ಕೆ ಒತ್ತಾಸೆ. ಮೊದಲಲ್ಲಿಯೂ ಕೊನೆಯಲ್ಲಿಯೂ ಕೇಳುವ ಮದ್ದಳೆಯಂಥ ಚೀನೀ ಡ್ರಮ್ಮನ್ನು ಬಾರಿಸಿದವನು ಗಾಯಕ ಕ್ಲಿಫ್ ರಿಚರ್ಡ್. (ಈತ 1940ರಲ್ಲಿ ಹುಟ್ಟಿದ್ದು ನಮ್ಮ ಲಖನೌದಲ್ಲಿ ಎಂಬುದು ವಾಚಕರಿಗೆ ತಿಳಿದಿರಲಿ.) ನಿರ್ಮಾಪಕ ನಾರಿ ಪ್ಯಾರಮರ್‌ಗೆ ತಟ್ಟೆಯ ಇನ್ನೊಂದು ಮುಖದ ಮಟ್ಟೇ ಹೆಚ್ಚು ಪ್ರಿಯವಾಗಿತ್ತು. ಅವನ ಮಗಳು ‘ಅಪಾಚಿ’ಯೇ ಚೆನ್ನ ಎಂದುದರಿಂದ ಮನಸ್ಸು ಬದಲಾಯಿತಂತೆ. ದೊಡ್ಡವರ ತೀರ್ಪಿಗೆ ಇದೂ ಒಂದು ಸಾಕ್ಷಿ.

ಜುಲೈನಲ್ಲಿ ಹೊರಬಂದ ತಟ್ಟೆ ಬ್ರಿಟನ್ನಿನ ಪಟ್ಟಿಯಲ್ಲಿ ಐದು ವಾರ ಮೊದಲನೆಯ ಸ್ಥಾನದಲ್ಲಿ ನಿಂತಿತು. ಅದು ಕೆಳಕ್ಕಿಳಿಸಿದ್ದು ಕ್ಲಿಫ್ ರಿಚರ್ಡನ ಹಾಡನ್ನೇ. ಆ ಹಾಡಿಗೂ ಷಾಡೋಸರದೇ ಪಕ್ಕವಾದ್ಯ. ಮೊದಲು ನುಡಿಸಿದ ವೀಡನ್ನನ ತಟ್ಟೆ ಇವರ ಹಿಂದೆಯೇ ಹೊರಬಂದು 24ನೆಯ ಸ್ಥಾನದಲ್ಲಿ ನಿಂತಿತು. ಮೊದಲು ನುಡಿಸಿದವನೇ ಮೂಲ ಎನ್ನುವುದಾದರೆ ಜಗತ್ತೆಲ್ಲ ಕೇಳಿ ಮೆಚ್ಚಿದ ಷಾಡೋಸರದು ನಕಲು ಎನ್ನಬೇಕಾದೀತು. ಹಾಗೆನ್ನುವ ಧೈರ್ಯ ಯಾರಿಗುಂಟು?

ಅಮೆರಿಕದಲ್ಲಿ ಇನ್ನೂ ವಿಚಿತ್ರವಾಯಿತು. ಅಲ್ಲಿ 1961ರಲ್ಲಿ ಎರಡನೆಯ ಸ್ಥಾನಕ್ಕೇರಿದ್ದು ಯರ್ಗನ್ ಇಂಗ್ಮನ್ ಎಂಬ ಡೆನ್ಮಾರ್ಕಿನವನ ‘ಅಪಾಚಿ’. ಅಲ್ಲಿನ ಅನೇಕರಿಗೆ ಅದೇ ಅಸಲು. ನನ್ನ ಕಿವಿಗೆ ಅದು ಸ್ವಲ್ಪ ಆಟದ ಸಾಮಾನಿನಂತೆ ಕೇಳುತ್ತದೆ. ಆದರೆ ರುಚಿಗೆ ವಾದವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. 1973ರಲ್ಲಿ ಮೈಕೆಲ್ ವೈನರ್ ಎಂಬ ನಿರ್ಮಾಪಕನು ಬಾಡಿಗೆಯ ವಾದಕರನ್ನು ಸ್ಟುಡಿಯೋದಲ್ಲಿ ಕೂಡಿಸಿ, ‘ಇನ್‌ಕ್ರೆಡಿಬಲ್ ಬಾಂಗೊ ಬ್ಯಾಂಡ್’ ಎಂದು ಹೆಸರಿಟ್ಟು, ಈ ಮಟ್ಟನ್ನು ಮತ್ತೆ ನುಡಿಸಿಸಿದನು. ಮಟ್ಟು ಈಗ ಕಹಳೆಗಳಿಗೆ ಹೋಯಿತು. ನಡುವೆ ಮಟ್ಟೇ ನಿಂತುಹೋಗಿ, ಜಿಮ್ ಗಾರ್ಡನ್ನನ ಡ್ರಮ್ಮುಗಳೂ ಬಹಾಮಾ ದ್ವೀಪದ ಕಿಂಗ್ ಎರಿಸನ್ನನ ಕೈವಾದ್ಯಗಳೂ ಪರಸ್ಪರ ಸವಾಲು ಹಾಕಿಕೊಂಡು ನುಡಿದವು. ತಟ್ಟೆ ಹೆಚ್ಚು ಖರ್ಚಾಗಲಿಲ್ಲ. ಆದರೆ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ, ಜಮೈಕದಿಂದ ವಲಸೆ ಬಂದ ಕೂಲ್ ಹರ್ಕ್ ಎಂಬ ತರುಣನು ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಆ ಲಯದ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮೊದಲುಮಾಡಿ, ಕೆಲವೇ ಕ್ಷಣಗಳದನ್ನು ಬೇಕಾದಷ್ಟು ಹೊತ್ತು ಹಿಗ್ಗಿಸಿದನು. ಹುಡುಗರು ಕುಣಿದರು. ಹಿಪ್‌ಹಾಪ್ ಎಂಬ ಸಂಗೀತ ಹುಟ್ಟಿದ್ದು ಇಂಥ ಕೈಚಳಕದಿಂದ. 1981ರಲ್ಲಿ ಷುಗರ್‌ಹಿಲ್ ಗ್ಯಾಂಗ್ ಎಂಬವರು ಇದೇ ಹೆಸರಿನಲ್ಲಿ ಮಾತು ಜೋಡಿಸಿ ಹಾಡಿದರು. ಅಲ್ಲಿಂದ ಮುಂದೆ ಆ ಲಯ ಎಷ್ಟೋ ಮುದ್ರಿಕೆಗಳಲ್ಲಿ ಸೇರಿಕೊಂಡಿತು.

ನಾನು ತೊಡಕು ಎಂದದ್ದು ಇಲ್ಲಿದೆ. ಬ್ರಾಂಕ್ಸಿನ ಹುಡುಗರಿಗೆ ಬೇಕಾಗಿದ್ದುದು ಲಾರ್ಡನ್ನನ ಮಟ್ಟಲ್ಲ, ಗಾರ್ಡನ್ ಮತ್ತು ಎರಿಸನ್ನರ ಬಡಿತ. ಆದರೆ ಕಾನೂನಿನ ಕಣ್ಣಿಗೆ ಕೃತಿಯೆಂದರೆ ಲಾರ್ಡನ್ನನ ಸ್ವರಗಳು. ಮುದ್ರಿಕೆಯೆಂದರೆ ಅದಕ್ಕೆ ಹಣ ಹೂಡಿದವರ ಸ್ವತ್ತು. ಬಾಡಿಗೆಗೆ ಬಂದ ವಾದಕನಿಗೆ ಸಾಮಾನ್ಯವಾಗಿ ಅಂದಂದಿನ ಕೂಲಿ. ಗಾರ್ಡನ್ನನ ಬಾಳು ಘೋರವಾದುದು: ಮನೋವ್ಯಾಧಿಗೆ ತುತ್ತಾಗಿ 1983ರಲ್ಲಿ ಹೆತ್ತ ತಾಯಿಯನ್ನೇ ಕೊಂದು, 2023ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಅದನ್ನು ಮುಚ್ಚಿಡಬೇಕಾಗಿಲ್ಲ. ಹಾಗೆಂದು ಆ ಬಡಿತ ಅವನದಲ್ಲವೆನ್ನುವುದೂ ಆಗದು.

ನಮ್ಮ ದೇಶದಲ್ಲಿ 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಶಾಸನದ ಪ್ರಕಾರ, ಒಂದು ಕೃತಿ ಮೊದಲು ಮುದ್ರಣವಾದ ವರ್ಷ ಕಳೆದು ಐದು ವರ್ಷಗಳಾದ ಮೇಲೆ, ಗೌರವಧನ ಸಲ್ಲಿಸಿ ಯಾರು ಬೇಕಾದರೂ ಮತ್ತೆ ಮುದ್ರಿಸಿಕೊಳ್ಳಬಹುದು. ಆದರೆ ಹಕ್ಕುದಾರನ ಒಪ್ಪಿಗೆಯಿಲ್ಲದೆ ಕೃತಿಯನ್ನು ಬದಲಾಯಿಸುವಂತಿಲ್ಲ. ಗೌರವಧನದ ಮಾತು ನ್ಯಾಯವಾದುದೇ. ಎರಡನೆಯ ಕಟ್ಟಳೆ ನನಗೆ ರುಚಿಸುವುದಿಲ್ಲ. ಇದ್ದದ್ದನ್ನು ಇದ್ದಂತೆ ನುಡಿಸುವವನಿಗೆ ಬಾಗಿಲು ತೆರೆದು, ಹೊಸದನ್ನು ಕಾಣುವವನನ್ನು ಹೊರಗೆ ನಿಲ್ಲಿಸಿದಂತಾಯಿತಲ್ಲವೆ? ನಮ್ಮ ಅಧ್ಯಾಪಕರಲ್ಲಿ ನ್ಯಾಯಶಾಸ್ತ್ರ ಬಲ್ಲವರು ಇದಕ್ಕೆ ಉತ್ತರ ಬರೆದರೆ ಸಂತೋಷದಿಂದ ಓದುತ್ತೇನೆ.

ಇನ್ನು ನನ್ನ ಮಿತ್ರನ ವಿಷಯ. ಸ್ನೇಹಕ್ಕಾಗಿ ಸುಳ್ಳು ಹೇಳಲಾರೆ: ಅವನು ಅಂದು ನುಡಿಸಿದ್ದು ಮಾರ್ವಿನ್ನನ ದಾರಿಯಲ್ಲಿಯೇ, ಸ್ವರಕ್ಕೆ ಸ್ವರ. ಪ್ರತಿಧ್ವನಿಯ ಪೆಟ್ಟಿಗೆ ಅವನಲ್ಲಿಲ್ಲ. ಆ ಕೊರತೆಯನ್ನು ತುಂಬಲು ಒಂದೊಂದು ಸ್ವರವನ್ನೂ ತಾನೇ ಮೆಲ್ಲಗೆ ಎರಡನೆಯ ಸಲ ಮೀಟುತ್ತಿದ್ದನು. ನಕಲು ಎಂದವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಂದಿನ ಕಾರ್ಯಕ್ರಮ ಪತ್ರಿಕೆಯನ್ನು ನಾನು ಇಟ್ಟುಕೊಂಡಿದ್ದೇನೆ. ಅದರಲ್ಲಿ ‘ಗಿಟಾರ್ ವಾದನ, ದ್ವಿತೀಯ ಬಿ.ಎ.’ ಎಂದಷ್ಟೇ ಅಚ್ಚಾಗಿದೆ. ಕಟ್ಟಿದವನ ಹೆಸರಿಲ್ಲ, ಕೃತಿಯ ಹೆಸರಿಲ್ಲ, ನುಡಿಸಿದವನ ಹೆಸರೂ ಇಲ್ಲ. ಈ ವರ್ಷ ಮೂರನ್ನೂ ಅಚ್ಚು ಹಾಕಿಸಬೇಕೆಂದು ಕಾರ್ಯದರ್ಶಿಗಳಿಗೆ ಅರ್ಜಿ ಬರೆದುಕೊಟ್ಟಿದ್ದೇನೆ. ಗಿಟಾರ್ ಮಂಚದ ಕೆಳಗಿನಿಂದ ಹೊರಬಂದಿದೆ. ಎರಡು ತಂತಿಗಳನ್ನು ಬದಲಾಯಿಸಬೇಕಾಗಿದೆ.