ಯಾವ ಗುಂಪಿನ ಔಷಧಿ?

ಮಿಡಿಗೇಶಿ ಸೀಮೆಯಲ್ಲಿ ಕಡಲೆಕಾಯಿ, ರಾಗಿಯದೇ ಮೇಲುಗೈ. ಹತ್ತಿ ಹೆಚ್ಚು ಬೆಳೆಯುವುದು ಹಾವೇರಿ, ರಾಯಚೂರು ಕಡೆ. ಆದರೂ ಹತ್ತಿಯ ಹೇನಿನ ಮಾತನ್ನು ಇಲ್ಲಿ ಎತ್ತುತ್ತಿದ್ದೇನೆ. ನಮ್ಮ ಕಡಲೆಕಾಯಿ, ಅವರೆ, ಅಲಸಂದೆಗೆ ಮುತ್ತುವ ಕರಿಹೇನು ಅದರ ದಾಯಾದಿಯೇ. ಗೊಬ್ಬರದ ಅಂಗಡಿಯಲ್ಲಿ ಎರಡಕ್ಕೂ ಕೊಡುವ ಔಷಧಿಗಳೂ ಹೆಚ್ಚುಕಡಿಮೆ ಅವೇ.

"ಯಾವುದು ಜೋರಾಗಿ ಕೆಲಸ ಮಾಡುತ್ತೆ?" ಅಂಗಡಿಯಲ್ಲಿ ಎಲ್ಲರೂ ಕೇಳುವುದು ಇಷ್ಟೇ. ಕಾನ್ಫಿಡಾರ್‌ಗೆ ಹೇನು ಹೋಗಲಿಲ್ಲ ಎಂದು ಆಕ್ಟಾರ ತರುತ್ತಾರೆ, ಅದೂ ನಾಟದಿದ್ದರೆ ಪ್ರೈಡ್. ಹೆಸರು ಬೇರೆ, ಬೆಲೆ ಬೇರೆ. ಆದರೆ ಒಳಗಿರುವ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್, ಅಸೆಟಾಮಿಪ್ರಿಡ್ ಮೂರೂ ನಿಯೋನಿಕೋಟಿನಾಯ್ಡ್ ಗುಂಪಿನವು. ಹೇನಿನ ನರದ ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದಕ್ಕೆ ಬಗ್ಗದ ಹೇನು ಉಳಿದೆರಡಕ್ಕೂ ಬಗ್ಗುವುದು ಕಷ್ಟ. 2002ರಲ್ಲಿ ಬಂದ ಬಿಟಿ ಹತ್ತಿ ಕಾಯಿಕೊರಕವನ್ನು ತಡೆಯಲು ಬಂದದ್ದು, ರಸ ಹೀರುವ ಹೇನಿಗೆ ಅದರಿಂದ ಏನೂ ಆಗದು. ಹಾಗಾಗಿ ಆ ಬೀಜಕ್ಕೆ ಬಹಳ ಸಲ ಇಮಿಡಾಕ್ಲೋಪ್ರಿಡ್ ಸವರಿಯೇ ಮಾರುತ್ತಾರೆ. ಅಂದರೆ ಮೊದಲ ಸಿಂಪಡಣೆಗೆ ಮುಂಚೆಯೇ ಹೇನಿಗೆ ಅದರ ಪರಿಚಯವಾಗಿರುತ್ತದೆ. ಗಂಡಿನ ಹಂಗಿಲ್ಲದೆ ಮರಿ ಹಾಕುವ ಜೀವ ಅದು; ವಾರ ಹತ್ತು ದಿನದಲ್ಲಿ ಆ ಮರಿಯೂ ತಾಯಿ. ಔಷಧಿಗೆ ಜಗ್ಗದ ನಾಲ್ಕು ಉಳಿದರೂ ಹೊಲ ತುಂಬುತ್ತದೆ.

ಹಳೆಯ ರೋಗರ್, ಅಂದರೆ ಡೈಮೆಥೊಯೇಟ್, ಬೇರೆ ಗುಂಪು. ಅಗ್ಗ. ಆದರೆ ಹೇನು ತಿನ್ನುವ ಗುಲಗಂಜಿ ಹುಳುವನ್ನೂ ಜೇನನ್ನೂ ಅದು ಬಿಡುವುದಿಲ್ಲ. ಫ್ಲೋನಿಕಾಮಿಡ್ ಇನ್ನೊಂದು ಗುಂಪಿನದು, ಲೀಟರ್ ನೀರಿಗೆ 0.3 ಗ್ರಾಂ ಸಾಕು. ಹೇನು ರಸ ಹೀರುವುದನ್ನು ನಿಲ್ಲಿಸಿ, ಕೆಲವು ದಿನಗಳಲ್ಲಿ ಹಸಿದು ಸಾಯುತ್ತದೆ. ಗುಲಗಂಜಿ ಹುಳು ಬಹುಪಾಲು ಉಳಿಯುತ್ತದೆ. ಮರುದಿನ ಹೇನು ಇನ್ನೂ ಅಲ್ಲೇ ಇದೆಯೆಂದು ಮತ್ತೊಂದು ಔಷಧಿ ಹೊಡೆಯಬಾರದು, ಅಷ್ಟೇ. ನನ್ನ ಆಯ್ಕೆ ಇದೇ. ಆದರೆ ಒಂದೇ ಹಂಗಾಮಿನಲ್ಲಿ ಇದನ್ನೇ ಮತ್ತೆ ಮತ್ತೆ ಹೊಡೆದರೆ ಇದಕ್ಕೂ ಅದೇ ಗತಿ. ಹೇನು ಅಲ್ಲೊಂದು ಇಲ್ಲೊಂದು ಗಿಡದಲ್ಲಿದ್ದಾಗ ಶೇ 5ರ ಬೇವಿನ ಬೀಜದ ಕಷಾಯವೇ ಸಾಕು.

ಎರಡು ಮೂರು ಔಷಧಿ ಬೆರೆಸಿ ಹೊಡೆಯುವವರಿಗೆ ಯವತ್ಮಾಳ ನೆನಪಿರಲಿ. 2017ರಲ್ಲಿ ಅಲ್ಲಿನ ಹತ್ತಿ ಹೊಲಗಳಲ್ಲಿ ಸಿಂಪಡಣೆಯ ವಿಷ ತಗುಲಿ ಸತ್ತವರು 20ಕ್ಕೂ ಹೆಚ್ಚು.

ಯಾವ ಔಷಧಿ ಯಾವ ಗುಂಪಿನದು, ಒಂದು ಟ್ಯಾಂಕಿಗೆ ಎಷ್ಟು ಎಂಬುದನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಪ್ರತಿ ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಗೆ ಹಾಕಲು ಕೃಷಿ ಇಲಾಖೆಗೆ ಹೆಚ್ಚು ಖರ್ಚಾಗದು. ಈ ಮುಂಗಾರಿನೊಳಗೆ ಆ ಫಲಕ ಹಾಕಿಸಿ.