ರಿಪೋರ್ಟ್ ಪಾಸಿಟಿವ್ ಬಂದರೆ ರೋಗ ಬಂದಂತಲ್ಲ

ಕಳೆದ ರಂಝಾನ್‌ಗೆ ಮುಂಚೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಸುಗಟೂರಿನ ನನ್ನ ದವಾಖಾನೆಗೆ ಬಂದರು. ಕೈಯಲ್ಲಿ ಆರು ಪುಟಗಳ ರಕ್ತಪರೀಕ್ಷೆಯ ರಿಪೋರ್ಟ್. ಅದರ ಒಂದು ಸಾಲಿಗೆ ಯಾರೋ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದರು: ‘ಎಎನ್‌ಎ ಪಾಸಿಟಿವ್, 1:80’. ಹುಡುಗಿಗೆ ನಿಕಾಹ್ ನಿಶ್ಚಯವಾಗಿತ್ತು. ಸಂಬಂಧಿಕರೊಬ್ಬರು ಮೊಬೈಲ್‌ನಲ್ಲಿ ಹುಡುಕಿ, ‘ಇದು ಲೂಪಸ್, ಮಕ್ಕಳಾಗುವುದಿಲ್ಲ’ ಎಂದಿದ್ದರಂತೆ. ‘ಹಕೀಂ ಸಾಬ್, ಹುಡುಗನ ಮನೆಯವರಿಗೆ ಹೇಳಬೇಕಾ, ಬೇಡವಾ?’ ಎಂದು ತಾಯಿ ಅಳುತ್ತಾ ಕೇಳಿದರು.

ನಾನು ಕಾಗದವನ್ನು ಪಕ್ಕಕ್ಕಿಟ್ಟು ಹುಡುಗಿಯನ್ನು ಮಾತನಾಡಿಸಿದೆ. ಕೀಲುಗಳಲ್ಲಿ ನೋವಿಲ್ಲ, ಬಾವಿಲ್ಲ. ಬಿಸಿಲಿಗೆ ಮುಖ ಕೆಂಪಾಗುವುದಿಲ್ಲ, ಬಾಯಿಹುಣ್ಣಿಲ್ಲ, ಜ್ವರವಿಲ್ಲ, ಮೂತ್ರಪರೀಕ್ಷೆಯೂ ಸರಿಯಾಗಿದೆ. ಸುಸ್ತು ಎಂದು ‘ಪ್ಯಾಕೇಜ್’ ಪರೀಕ್ಷೆ ಮಾಡಿಸಿದ್ದರು. ಸುಸ್ತಿಗೆ ಕಾರಣ ಅದೇ ರಿಪೋರ್ಟ್‌ನ ಮೊದಲ ಪುಟದಲ್ಲಿತ್ತು: ಹಿಮೋಗ್ಲೋಬಿನ್ 9. ಅದನ್ನು ಯಾರೂ ನೋಡಿರಲಿಲ್ಲ!

ಓದುಗರೇ, ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಹೊರಗಿನ ರೋಗಾಣುವಿನ ಬದಲು ನಮ್ಮದೇ ಅಂಗಗಳ ಮೇಲೆ ತಿರುಗಿಬೀಳುವುದನ್ನು ‘ಆಟೋಇಮ್ಯೂನ್’ ರೋಗ ಎನ್ನುತ್ತಾರೆ. ಲೂಪಸ್, ರುಮಟಾಯ್ಡ್ ಸಂಧಿವಾತ, ಕೆಲವು ಥೈರಾಯ್ಡ್ ತೊಂದರೆಗಳು ಈ ಗುಂಪಿನವು. ಜೀವಕೋಶದ ಕೇಂದ್ರದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಎಎನ್‌ಎ ಪರೀಕ್ಷೆ ಹುಡುಕುತ್ತದೆ. 1:80 ಎಂದರೆ, ರಕ್ತದ ಸೀರಮ್ ಅನ್ನು 80 ಪಟ್ಟು ತೆಳುಮಾಡಿದ ಮೇಲೂ ಸೂಕ್ಷ್ಮದರ್ಶಕದಲ್ಲಿ ಹೊಳಪು ಕಂಡಿದೆ ಎಂದರ್ಥ. ಎರಡನೆಯ ಅಂಕಿ ದೊಡ್ಡದಾದಷ್ಟೂ ಅದರ ತೂಕ ಹೆಚ್ಚು.

ಆದರೆ ಈ ಪ್ರತಿಕಾಯಗಳು ಆರೋಗ್ಯವಂತರಲ್ಲೂ ಇರುತ್ತವೆ. 1997ರಲ್ಲಿ ಪ್ರಕಟವಾದ, ಹಲವು ಪ್ರಯೋಗಾಲಯಗಳು ಸೇರಿ ನಡೆಸಿದ ಅಧ್ಯಯನದಲ್ಲಿ ಆರೋಗ್ಯವಂತರ ಪೈಕಿ 1:40ರಲ್ಲಿ ನೂರಕ್ಕೆ ಸುಮಾರು 32 ಮಂದಿ, 1:80ರಲ್ಲಿ 13 ಮಂದಿ, 1:160ರಲ್ಲಿ 5 ಮಂದಿ ಪಾಸಿಟಿವ್ ಇದ್ದರು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಇನ್ನೂ ಹೆಚ್ಚು. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆಯಿಂದಲೂ ಪಾಸಿಟಿವ್ ಬರಬಹುದು. ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಲ್ಲೂ ಎಎನ್‌ಎ ಪಾಸಿಟಿವ್ ಇರುತ್ತದೆ, ನಿಜ. ಆದರೆ ಎಎನ್‌ಎ ಪಾಸಿಟಿವ್ ಇರುವವರೆಲ್ಲರಿಗೂ ಲೂಪಸ್ ಇರುವುದಿಲ್ಲ.

ಆ ತಾಯಿಗೆ ಹೇಳಿದೆ: ‘ಇಲ್ಲದ ರೋಗವನ್ನು ಹೇಳುವುದೇನು, ಮುಚ್ಚಿಡುವುದೇನು? ಮಗಳ ರಕ್ತಹೀನತೆಗೆ ಔಷಧಿ ಕೊಡಿಸಿ. ಮುಂದೆ ಕೀಲುಬಾವು, ಮುಖದ ಕೆಂಪು, ಬಿಡದ ಜ್ವರ ಏನಾದರೂ ಕಂಡರೆ ಆಗ ಬನ್ನಿ.’ ಇನ್ನೊಂದು ಮಾತನ್ನೂ ಸೇರಿಸಿದೆ. ನಿಜವಾಗಿ ಲೂಪಸ್ ಇರುವ ಹೆಣ್ಣುಮಕ್ಕಳಿಗೂ ರೋಗ ಹತೋಟಿಯಲ್ಲಿದ್ದಾಗ ತಜ್ಞರ ನಿಗಾದಲ್ಲಿ ಮಕ್ಕಳಾಗುತ್ತವೆ. ಒಂದು ಕಾಗದ ನೋಡಿ ಹುಡುಗಿಯ ಬದುಕನ್ನು ತೀರ್ಮಾನಿಸಬೇಡಿ.

ಇನ್ನು ಇದಕ್ಕೆ ತಿರುವುಮುರುವಾದ ಸಂಗತಿ. ಇಲ್ಲಿ ತಪ್ಪು ಮಾಡಿದವನು ನಾನೇ. ಕೆಲವು ವರ್ಷಗಳ ಹಿಂದೆ ಟೊಮೆಟೊ ತೋಟದಲ್ಲಿ ಕೂಲಿಗೆ ಹೋಗುವ ಒಬ್ಬ ಆಪಾ ಬಂದಿದ್ದರು. ಫಜ್ರ್‌ಗೆ ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ವುಝೂಗೆ ನಲ್ಲಿ ತಿರುಗಿಸಲು ಆಗುವುದಿಲ್ಲ, ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲವಾಗುತ್ತದೆ ಎಂದರು. ಆರ್‌ಎ ಫ್ಯಾಕ್ಟರ್ ಪರೀಕ್ಷೆ ಮಾಡಿಸಿದೆ, ನೆಗೆಟಿವ್ ಬಂತು. ಸಾಧಾರಣ ವಜಉಲ್ ಮಫಾಸಿಲ್ ಎಂದು ತಿಳಿದು ಸೂರಂಜಾನ್ ಕೊಡುತ್ತಾ ಐದು ತಿಂಗಳು ಕಳೆದೆ. ಕೊನೆಗೆ ಬೆಂಗಳೂರಿನ ಕೀಲುರೋಗ ತಜ್ಞರ ಬಳಿ ಕಳಿಸಿದಾಗ ಅದು ರುಮಟಾಯ್ಡ್ ಸಂಧಿವಾತವೆಂದು ತಿಳಿಯಿತು. ಅಷ್ಟರಲ್ಲಿ ಎರಡು ಬೆರಳು ವಕ್ರವಾಗಿದ್ದವು. ಅವು ಮತ್ತೆ ನೆಟ್ಟಗಾಗಲಿಲ್ಲ.

ಈ ರೋಗವಿರುವ ನೂರರಲ್ಲಿ 20ರಿಂದ 30 ಮಂದಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುತ್ತದೆ. ರೋಗವಿಲ್ಲದ ವಯಸ್ಸಾದವರಲ್ಲಿ, ಕ್ಷಯ ಅಥವಾ ಹೆಪಟೈಟಿಸ್ ಸಿ ಇರುವವರಲ್ಲಿ ಅದು ಪಾಸಿಟಿವ್ ಬರಬಹುದು. ಆಂಟಿ-ಸಿಸಿಪಿ ಪರೀಕ್ಷೆ ಪಾಸಿಟಿವ್ ಬಂದರೆ ಅದನ್ನು ಹೆಚ್ಚು ನಂಬಬಹುದು. ಆದರೆ ಅದು ನೆಗೆಟಿವ್ ಬಂದಿತೆಂದು ರೋಗವಿಲ್ಲ ಎನ್ನುವಂತಿಲ್ಲ. ಇಎಸ್ಆರ್ ಮತ್ತು ಸಿಆರ್‌ಪಿ ದೇಹದಲ್ಲಿ ಉರಿಯೂತವಿದೆ ಎನ್ನುತ್ತವೆ, ಎಲ್ಲಿ, ಏಕೆ ಎಂದು ಹೇಳುವುದಿಲ್ಲ. ರಕ್ತಹೀನತೆಯಲ್ಲೂ ಗರ್ಭಿಣಿಯರಲ್ಲೂ ಇಎಸ್ಆರ್ ಏರುತ್ತದೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಲ್ಲಿ ಬೆನ್ನು, ಮಂಡಿ, ಕುತ್ತಿಗೆ ಬಿಗಿಯಾಗುತ್ತವೆ. ಚಿಕುನ್‌ಗುನ್ಯ ಬಂದುಹೋದ ಮೇಲೂ ಕೀಲುನೋವು ತಿಂಗಳುಗಟ್ಟಲೆ ಉಳಿಯುತ್ತದೆ, 2006ರಲ್ಲಿ ರಾಜ್ಯದ ಎಷ್ಟೋ ಮನೆಗಳು ಅದನ್ನು ಕಂಡಿವೆ. ಆದ್ದರಿಂದ ಯಾವ ನೀರು ಕುಡಿಯುತ್ತೀರಿ, ಮೊದಲು ಜ್ವರ ಬಂದಿತ್ತೇ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಯಾವ ರಕ್ತಪರೀಕ್ಷೆಯೂ ಇದನ್ನು ನಿಮ್ಮ ಪರವಾಗಿ ಹೇಳುವುದಿಲ್ಲ.

ನನ್ನ ಅಭಿಪ್ರಾಯ ಇದು: ತೊಂದರೆಯೇ ಇಲ್ಲದವರು ‘ಇರಲಿ, ನೋಡೋಣ’ ಎಂದು ಎಎನ್‌ಎ, ಆರ್‌ಎ ಫ್ಯಾಕ್ಟರ್ ಮಾಡಿಸಬಾರದು. ಪ್ಯಾಕೇಜ್‌ಗಳಲ್ಲಿ ಇವನ್ನು ಸೇರಿಸುವುದೇ ತಪ್ಪು. ಆದರೆ ಬೆಳಗಿನ ಬಿಗಿತ ಅರ್ಧ ಗಂಟೆಗೂ ಹೆಚ್ಚು ಇದ್ದು, ಕೈಬೆರಳ ಕೀಲುಗಳು ಆರು ವಾರವಾದರೂ ಊದಿಕೊಂಡೇ ಇದ್ದರೆ, ರಿಪೋರ್ಟ್ ನೆಗೆಟಿವ್ ಬಂದರೂ ತಜ್ಞರನ್ನು ನೋಡಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಒಂದೊಂದು ಲ್ಯಾಬ್‌ನ ಸಾಮಾನ್ಯ ಮಟ್ಟ ಬೇರೆ ಇರುವುದರಿಂದ ಸಾಧ್ಯವಾದಷ್ಟೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಎಎನ್‌ಎಯನ್ನು ಪದೇಪದೇ ಮಾಡಿಸಬೇಕಾಗಿಲ್ಲ, ರೋಗ ಏರಿತೇ ಇಳಿಯಿತೇ ಎಂದು ಅದು ತೋರಿಸುವುದಿಲ್ಲ.

ಕೊನೆಯದಾಗಿ, ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ. ರಿಪೋರ್ಟ್ ನಾರ್ಮಲ್ ಬಂತೆಂದು ತಜ್ಞರು ಕೊಟ್ಟ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ನಾರ್ಮಲ್ ಬಂದಿರುವುದು ಆ ಔಷಧಿಯಿಂದಲೇ ಇರಬಹುದು. ಕೀಲುನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವಂಥದ್ದು, ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭ ಧರಿಸುವ ಯೋಚನೆ ಇದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ. ಹೆಸರಿಲ್ಲದ ಪುಡಿ, ಮಾತ್ರೆಗಳಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಿ. ಅದು ಯುನಾನಿಯಲ್ಲ, ಮೋಸ.

ನಮ್ಮ ಹಿರಿಯ ಹಕೀಮರು ಮೊದಲು ರೋಗಿಯ ಮಾತು ಕೇಳಿ ಆಮೇಲೆ ನಬ್ಝ್ ಹಿಡಿಯುತ್ತಿದ್ದರು. ರಿಪೋರ್ಟ್‌ಗೂ ಇದೇ ಕ್ರಮ ಇರಲಿ. ಅಲ್ಲಾಹನು ಎಲ್ಲರಿಗೂ ಶಿಫಾ ಕರುಣಿಸಲಿ.