ಹೆಸರು ಒಂದೇ, ಸರಕು ಬೇರೆ

ವಿಜಯನಗರ ಎರಡನೇ ಹಂತದಲ್ಲಿ ಕಂಪ್ಯೂಟರ್ ಇರೋ ಹುಡುಗನಿಗೂ ಪಕ್ಕದ ಬೀದಿಯಲ್ಲಿ ಪ್ಲೇಸ್ಟೇಷನ್ ಇರೋ ಹುಡುಗನಿಗೂ ಒಂದು ಜಗಳ ಮುಗಿಯೋದೇ ಇಲ್ಲ: ಕಾರ್ ರೇಸ್ ಗೇಮ್ ಆಡೋಕೆ ಯಾವುದು ಮೇಲು? ಇಬ್ಬರೂ ಒಂದು ವಿಷಯ ಮರೀತಾರೆ. ಅವರು ಆಡ್ತಿರೋದು ಎಷ್ಟೋ ಸಲ ಒಂದೇ ಆಟ ಅಲ್ಲ ಕಣ್ರೀ.

2002ರ ‘ನೀಡ್ ಫಾರ್ ಸ್ಪೀಡ್: ಹಾಟ್ ಪರ್ಸ್ಯೂಟ್ 2’ ತಗೊಳ್ಳಿ. ಪ್ಲೇಸ್ಟೇಷನ್ 2ಕ್ಕೆ ಅದನ್ನು ಮಾಡಿದ್ದು ಕೆನಡಾದ ಬ್ಲ್ಯಾಕ್ ಬಾಕ್ಸ್ ತಂಡ. ಕಂಪ್ಯೂಟರಿಗೆ ಮಾಡಿದ್ದು ಅದೇ ಇಎ ಕಂಪನಿಯ ಸಿಯಾಟಲ್ ತಂಡ. ಗಾಡಿ ಓಡಿಸುವ ಅನುಭವವೇ ಬೇರೆ, ಡಬ್ಬಿಯ ಮೇಲಿನ ಹೆಸರು ಮಾತ್ರ ಒಂದೇ. ವಿಮರ್ಶಕರು ಹೆಚ್ಚು ಹೊಗಳಿದ್ದು ಪ್ಲೇಸ್ಟೇಷನ್ನಿನದನ್ನು. ಕಂಪ್ಯೂಟರ್ ಇದ್ದವರ ಪಾಲಿಗೆ ಬಂದದ್ದು ಇನ್ನೊಂದು. ಮೈಸೂರು ಪಾಕ್ ಅಂತ ಹೆಸರು ಬರೆದು ಒಂದು ಅಂಗಡಿಗೆ ತುಪ್ಪದ್ದು, ಇನ್ನೊಂದಕ್ಕೆ ಡಾಲ್ಡಾದ್ದು ಕಳಿಸಿದ ಹಾಗಾಯ್ತು.

2005ರ ‘ಮೋಸ್ಟ್ ವಾಂಟೆಡ್’ ನೋಡಿ. ಪ್ಲೇಸ್ಟೇಷನ್ 2ರಲ್ಲಿ ಟಿವಿ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಒಟ್ಟಿಗೆ ಆಡಬಹುದಿತ್ತು. ಕಂಪ್ಯೂಟರಿನಲ್ಲಿ ಆ ಸೌಕರ್ಯವಿಲ್ಲ. ಇಬ್ಬರು ಆಡಬೇಕಾದರೆ ಇನ್ನೊಂದು ಕಂಪ್ಯೂಟರ್ ಜೋಡಿಸಬೇಕು. ‘ಮಕ್ಕಳ ಓದಿಗೆ’ ಅಂತ ಕಂತಿನಲ್ಲಿ ತಂದ ಒಂದೇ ಒಂದು ಕಂಪ್ಯೂಟರ್ ಇರೋ ಮನೆಯಲ್ಲಿ ಎರಡನೆಯದು ಎಲ್ಲಿಂದ ಬರಬೇಕು ಸ್ವಾಮಿ? ಅಣ್ಣ ಆಡ್ತಾನೆ, ತಂಗಿ ಹಿಂದೆ ನಿಂತು ನೋಡ್ತಾಳೆ. ಅವಳ ಸರದಿ ಬರೋ ಹೊತ್ತಿಗೆ ಕರೆಂಟು ಹೋಗಿರುತ್ತೆ.

‘ಕಂಪ್ಯೂಟರಿಗೆ ತಾಕತ್ತು ಜಾಸ್ತಿ’ ಅಂತೀರಾ? 2013ರ ‘ರೈವಲ್ಸ್’ನಲ್ಲಿ ಎಷ್ಟೇ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿ, ಸೆಕೆಂಡಿಗೆ 30 ಚಿತ್ರಗಳಿಗೆ ಬೀಗ ಜಡಿದಿದ್ದರು. ಆ ಬೀಗ ಮುರಿದು 60 ಮಾಡಿದರೆ ಚಿತ್ರ ನಯವಾಗೋ ಬದಲು ಇಡೀ ಆಟವೇ ದುಪ್ಪಟ್ಟು ವೇಗದಲ್ಲಿ ಓಡೋದು!

ಕಂಪ್ಯೂಟರಿಗೂ ಒಂದು ಹೆಚ್ಚುಗಾರಿಕೆ ಇದೆ, ಒಪ್ಪೋಣ. ಹಳೇ ‘ಮೋಸ್ಟ್ ವಾಂಟೆಡ್’ ಇವತ್ತಿನ ಅಗಲ ಪರದೆಗೆ ಹೊಂದುವಂತೆ ಅಭಿಮಾನಿಗಳೇ ರಿಪೇರಿ ಮಾಡಿದ್ದಾರೆ. ಆದರೆ ಆ ಪುಣ್ಯ ಆಟಗಾರರದ್ದು, ಕಂಪನಿಯದ್ದಲ್ಲ.

ನನ್ನ ತಕರಾರು ಇಷ್ಟೇ. ರವೆ ಪೊಟ್ಟಣದ ಮೇಲೂ ತೂಕ, ತಾರೀಖು, ಯಾರು ತಯಾರಿಸಿದ್ದು ಅಂತ ಬರೆದಿರಬೇಕು. ಸಾವಿರಾರು ರೂಪಾಯಿಯ ಗೇಮಿನ ಮೇಲೆ ಈ ಆವೃತ್ತಿ ಮಾಡಿದ್ದು ಯಾರು, ಒಂದು ಪರದೆಯಲ್ಲಿ ಎಷ್ಟು ಜನ ಆಡಬಹುದು, ಇನ್ನೊಂದರಲ್ಲಿ ಇರೋದು ಇದರಲ್ಲಿ ಏನಿಲ್ಲ ಅಂತ ಎದ್ದು ಕಾಣೋ ಹಾಗೆ ಬರೆಯೋಕೆ ಏನು ಕಷ್ಟ? ಯಾವ ಪೆಟ್ಟಿಗೆ ಮೇಲು ಅಂತ ನಾವು ನಾವೇ ಕಿತ್ತಾಡ್ತಾ ಇರೋವರೆಗೂ ಆ ಪ್ರಶ್ನೆ ಯಾರೂ ಕೇಳಲ್ಲ. ಇಬ್ಬರೂ ಸೇರಿ ಕೇಳಿ.